ತಗಡುಮನೆಯ ಪುಸ್ತಕ

ಆರ್ಡಿನ್ ಸರೋವರ
14 ಜನವರಿ 1997

ಅಮ್ಮ,

ಕೆಲಸಕ್ಕೆ ಸೇರಿ ಆರು ವಾರವಾಯಿತು, ಈಗ ಮೊದಲ ಪತ್ರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲ ಸಾಲಿನಲ್ಲೇ ಬೈದು ಮುಗಿಸು, ಆಮೇಲೆ ಊರಿನ ಸುದ್ದಿ ಹೇಳು.

ನಮ್ಮ ವಾರದ ಪ್ರವಾಸಕ್ಕೆ ಯಜಮಾನ ಗ್ರಾಂಟ್ ‘ಏಳು ಭಯ’ ಎಂದು ಹೆಸರಿಟ್ಟಿದ್ದಾನೆ. ದಿನಕ್ಕೊಂದು ಭಯ. ಒಂದು ದಿನ ಹದಿನಾಲ್ಕು ಮೀಟರ್ ಬಂಡೆಯಿಂದ ನೀರಿಗೆ ಹಾರುವುದು, ಇನ್ನೊಂದು ದಿನ ಜಲಪಾತದೊಳಗೆ ಹಗ್ಗ ಹಿಡಿದು ಇಳಿಯುವುದು, ಹೀಗೆ. ಕೊನೆಗೆ ಕಯಾಕ್ ದೋಣಿಗಳಲ್ಲಿ ಸರೋವರ ದಾಟಿ, ಆಚೆ ದಡದ ತಗಡುಮನೆಯಲ್ಲಿ ಮಲಗಿ, ಮರುದಿನ ಬೆಳಿಗ್ಗೆ ವಾಪಸ್ಸು. ಹೌದು, ನಿನ್ನ ಚಾರಣ ಕ್ಲಬ್ಬಿನ ಅದೇ ತಗಡುಮನೆ. ಬರುವವರೆಲ್ಲ ಇಪ್ಪತ್ತರ ಆಸುಪಾಸಿನವರು. ಹೆದರಿಸಿಕೊಳ್ಳುವುದಕ್ಕೆಂದೇ ಅರ್ಧ ಭೂಮಿ ದಾಟಿ ಬರುತ್ತಾರೆ.

ತೊಂದರೆ ಏನೆಂದರೆ, ಬೆಳಗಿನ ಹೊತ್ತು ನೀರು ಕನ್ನಡಿಯ ಹಾಗಿರುತ್ತದೆ. ಕಳೆದ ವಾರ ಲಂಡನ್ನಿನ ಹುಡುಗನೊಬ್ಬ ದಡ ಸೇರಿದವನೇ, “ಏನಪ್ಪಾ ಇದು, ಏಳನೇ ಭಯ ಸ್ನಾನದ ತೊಟ್ಟೀನಾ?” ಅಂದ. ಗ್ರಾಂಟ್ ಅದನ್ನೇ ಹಿಡಿದುಕೊಂಡಿದ್ದಾನೆ. ಎಲ್ಲರೆದುರು ನನ್ನನ್ನು “ಬಾರೋ ತೊಟ್ಟಿ ಕ್ಯಾಪ್ಟನ್” ಎಂದು ಕರೆಯುತ್ತಾನೆ.

ಜೊತೆಯ ಮಾರ್ಗದರ್ಶಿ ಮೆರೆ ವೈತಿರಿ, ಬ್ಲಫ್ ಬಂದರಿನವಳು. ಅವಳ ಅಜ್ಜಿ ಅಪ್ಪನಿಗೆ ಗೊತ್ತಂತೆ. ನನಗಿಂತ ಚೆನ್ನಾಗಿ ಹುಟ್ಟು ಹಾಕುತ್ತಾಳೆ. ಅದನ್ನು ದಿನಕ್ಕೆರಡು ಸಲ ಹೇಳುತ್ತಾಳೆ ಕೂಡ.

ನಿನ್ನ
ಫರ್ಗಸ್


ರಿವರ್ಟನ್
23 ಜನವರಿ 1997

ಪ್ರೀತಿಯ ಫರ್ಗಸ್,

ಬೈಯುವುದಿಲ್ಲ. ನಿನ್ನ ಪತ್ರವನ್ನು ಅಪ್ಪನೂ ಓದಿದರು. “ದುಡ್ಡು ಕೊಟ್ಟು ಹೆದರ್ಕೊಳ್ಳೋರು. ನನ್ನ ಮೀನಿನ ದೋಣಿಗೆ ಕಳಿಸು, ಜುಲೈ ಚಳೀಲಿ ಪುಕ್ಕಟೆ ಹೆದರಿಸ್ತೀನಿ” ಅಂದರು.

ನನಗೆ ನಗು ಬರಲಿಲ್ಲ. ನಿನ್ನ ಗ್ರಾಂಟ್‌ನನ್ನು ನಾನು ನೋಡಿಲ್ಲ, ಆದ್ದರಿಂದ ಅವನ ಬಗ್ಗೆ ತೀರ್ಪು ಕೊಡಬಾರದು. ಆದರೆ ಆ ನೀರನ್ನು ನೋಡಿದ್ದೇನೆ. ಹನ್ನೊಂದರ ಮೇಲೆ ಆ ಕಣಿವೆಯಲ್ಲಿ ವಾಯವ್ಯದ ಗಾಳಿ ಏಳುತ್ತದೆ, ಸಂಜೆಯವರೆಗೆ ಇಳಿಯುವುದಿಲ್ಲ. ಹತ್ತರೊಳಗೆ ದಾಟಿರಬೇಕು. ಯಾರು ಏನೇ ಎಂದು ಕರೆಯಲಿ, ಆ ಮಾತಿಗೆ ಬಗ್ಗಬೇಡ.

ತಗಡುಮನೆಗೆ ಬಂದುಹೋಗುವವರ ಪುಸ್ತಕದಲ್ಲಿ ಬರೆಯುತ್ತಿದ್ದೀಯಾ? ನೀನು ಮೊದಲ ಸಲ ಅಲ್ಲಿಗೆ ಬಂದಾಗ ನಿನಗೆ ಐದು ವರ್ಷ. ಬೂಟು ಬಿಚ್ಚುವ ಮೊದಲು ಪುಸ್ತಕ ಎಂದು ನಾನು ಹೇಳಿದ್ದೆ. ‘ಎಷ್ಟು ಜನ’ ಎಂಬಲ್ಲಿ ನೀನು ಮೂರು ಎಂದು ಬರೆದೆ. ಇಬ್ಬರೇ ಅಲ್ಲವೇನೋ ಎಂದರೆ, ಚೀಲದಲ್ಲಿದ್ದ ಉಣ್ಣೆಯ ನಾಯಿಯನ್ನು ತೋರಿಸಿದೆ. ದಾರಿ ತಪ್ಪಿದರೆ ಅದನ್ನೂ ಹುಡುಕಬೇಕಲ್ಲ ಎಂದೆ. ಆ ಪುಸ್ತಕ ಈಗಲೂ ಕ್ಲಬ್ಬಿನ ಕಪಾಟಿನಲ್ಲಿದೆ.

ಪ್ರೀತಿಯಿಂದ,
ಅಮ್ಮ


ಆರ್ಡಿನ್ ಸರೋವರ
19 ಫೆಬ್ರವರಿ 1997

ಅಮ್ಮ,

ಫೋನಿನಲ್ಲಿ ಸರಿಯಾಗಿ ಮಾತಾಡಲಾಗಲಿಲ್ಲ. ನಡೆದದ್ದನ್ನು ಬರೆಯುತ್ತಿದ್ದೇನೆ.

ಹದಿನೈದನೇ ತಾರೀಖು, ಶನಿವಾರ, ಬೆಳಿಗ್ಗೆ ಎಂಟು ಗಂಟೆಗೆ ನಾವು ಆರು ಜನ ತಗಡುಮನೆಯಿಂದ ಹೊರಟೆವು. ನಾನು ಮುಂದೆ, ಮೆರೆ ಹಿಂದೆ. ನಡುವೆ ನಾಲ್ವರು ಗಿರಾಕಿಗಳು. ನಾನು ಮೂವರೊಂದಿಗೆ ಹತ್ತರೊಳಗೆ ಈಚೆ ದಡ ತಲುಪಿದೆ. ಓಮರುವಿನ ಟೋಬಿ ಡನ್‌ಬಾರ್ ಎಂಬ ಇಪ್ಪತ್ತೊಂದರ ಹುಡುಗ ನಿಧಾನವಾಗಿದ್ದ. ಅವನು ದಾರಿಯ ಬಂಡೆಯಿಂದ ಹಾರಬೇಕೆಂದು ಕೇಳಿದ್ದರಿಂದ ಮೆರೆ ಅವನೊಂದಿಗೆ ಅಲ್ಲೇ ನಿಂತಳು. ಅವರು ಮತ್ತೆ ನೀರಿಗಿಳಿಯುವಷ್ಟರಲ್ಲಿ ಗಾಳಿ ಎದ್ದಿತ್ತು. ಟೋಬಿಯ ಕಯಾಕ್ ಮಗುಚಿತು. ನೀರು ಬಹಳ ತಣ್ಣಗಿತ್ತು. ಮೆರೆಯನ್ನು ಹುಡುಕಲು ಬಂದ ದೋಣಿಯವರು ಎತ್ತಿದರು. ಟೋಬಿ ಭಾನುವಾರ ಸಿಕ್ಕ.

ಅದೇ ಭಾನುವಾರ ಪೊಲೀಸರ ದೋಣಿಯಲ್ಲಿ ಹೋಗಿ ತಗಡುಮನೆಯಲ್ಲಿದ್ದ ಸಾಮಾನು ತಂದೆ. ನಾನು ಚೆನ್ನಾಗಿದ್ದೇನೆ. ಗ್ರಾಂಟ್ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಾನೆ.

ಫರ್ಗಸ್


ರಿವರ್ಟನ್
26 ಫೆಬ್ರವರಿ 1997

ಪ್ರೀತಿಯ ಫರ್ಗಸ್,

ನಿನ್ನ ಪತ್ರ ಬಂದ ದಿನ ನಾನು ಅಳಲಿಲ್ಲ. ಮಾರನೆಯ ದಿನ ಬಟ್ಟೆ ಒಣಹಾಕುತ್ತಾ ನಿನ್ನ ಹಳೆಯ ಸ್ವೆಟರ್ ಕೈಗೆ ಬಂದಾಗ ಅತ್ತೆ. ಓಮರುವಿನಲ್ಲಿ ಇನ್ನೊಬ್ಬಳ ಹಗ್ಗದ ಮೇಲೂ ಒಂದು ಸ್ವೆಟರ್ ಇರುತ್ತದೆ ಎಂದು ಹೊಳೆಯಿತು. ನೀನು ಬದುಕಿದ್ದೀಯ. ಇದನ್ನು ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕವಿಲ್ಲ.

ಈಗ ಒಂದು ಮಾತು ಹೇಳುತ್ತೇನೆ, ನೊಂದುಕೊಳ್ಳಬೇಡ. ಶಾಲೆಯ ಕಚೇರಿಯಲ್ಲಿ ಕುಳಿತು ಹತ್ತೊಂಬತ್ತು ವರ್ಷಗಳಿಂದ ಮಕ್ಕಳ ರಜಾ ಚೀಟಿ ಓದುತ್ತಿದ್ದೇನೆ. ನಿಜವಾಗಿ ಜ್ವರ ಬಂದ ಮಗುವಿನ ಚೀಟಿಯಲ್ಲಿ ಬೇಡದ್ದೆಲ್ಲ ಇರುತ್ತದೆ: ಬೆಕ್ಕು ವಾಂತಿ ಮಾಡಿದ್ದು, ಅಜ್ಜಿ ಬಂದದ್ದು. ಸುಳ್ಳು ಚೀಟಿಯಲ್ಲಿ ಬೇಕಾದದ್ದು ಮಾತ್ರ ಇರುತ್ತದೆ.

ನಿನ್ನ ಪತ್ರದಲ್ಲಿ ಬೇಕಾದದ್ದು ಮಾತ್ರ ಇದೆ. ಆ ಬೆಳಿಗ್ಗೆ ಏನು ತಿಂದಿರಿ? ಟೋಬಿ ಹೇಗಿದ್ದ, ಮಾತುಗಾರನೇ? ಹೊರಡುವಾಗ ನೆರಳು ಯಾವ ಕಡೆಗಿತ್ತು? ಸುಮ್ಮನೆ ಬರೆ.

ಹೀಗೆ ಕೇಳುವುದು ಸರಿಯೇ ಎಂದು ನನಗೇ ತಿಳಿಯುತ್ತಿಲ್ಲ. ಆದರೂ ಕೇಳಿದ್ದೇನೆ.

ಅಮ್ಮ


ಆರ್ಡಿನ್ ಸರೋವರ
17 ಮಾರ್ಚ್ 1997

ಅಮ್ಮ,

ಗಂಜಿ ತಿಂದೆವು. ನೆರಳು ನೋಡಲಿಲ್ಲ. ಟೋಬಿ ಮಾತುಗಾರ. ಸಾಕಾ?

ಜೂನ್ ಹತ್ತಕ್ಕೆ ಡನೀಡಿನ್‌ನಲ್ಲಿ ಸಾವಿನ ವಿಚಾರಣೆ ಇದೆ. ಉಳಿದ ಮೂವರು ಗಿರಾಕಿಗಳು ತಮ್ಮ ದೇಶಗಳಿಗೆ ಹೋದರು. ಹೋಗುವ ಮೊದಲು ಗ್ರಾಂಟ್ ಬರೆದಿಟ್ಟ ಹೇಳಿಕೆಗೆ ಸಹಿ ಹಾಕಿದ್ದಾರೆ. ಎಲ್ಲರದೂ ಒಂದೇ ಮಾತು. ಮೆರೆ ಮಾತ್ರ ಬೇರೆ ಹೇಳುತ್ತಿದ್ದಾಳೆ. ಎಲ್ಲರೂ ಒಟ್ಟಿಗೇ ಮಧ್ಯಾಹ್ನ ಹೊರಟೆವು, ಬಂಡೆಯ ಹತ್ತಿರ ಯಾರೂ ನಿಲ್ಲಲಿಲ್ಲ ಎನ್ನುತ್ತಾಳೆ. ತನಗೆ ಒಪ್ಪಿಸಿದ್ದ ಹುಡುಗನನ್ನು ಕಳೆದುಕೊಂಡವಳು, ಏನಾದರೂ ಹೇಳಲೇಬೇಕಲ್ಲ. ಗ್ರಾಂಟ್ ಅವಳನ್ನು ಮನೆಗೆ ಕಳಿಸಿದ. ಇನ್ನು ಯಾರೂ ಅವಳನ್ನು ನೀರಿನ ಕೆಲಸಕ್ಕೆ ಕರೆಯುವುದಿಲ್ಲ.

ನೀನು ನನ್ನ ಅಮ್ಮನೋ ಪೊಲೀಸೋ?

ಫರ್ಗಸ್


ರಿವರ್ಟನ್
6 ಏಪ್ರಿಲ್ 1997

ಪ್ರೀತಿಯ ಫರ್ಗಸ್,

ಪ್ರತಿ ಈಸ್ಟರ್‌ನಂತೆ ಈ ಸಲವೂ ಕ್ಲಬ್ಬಿನ ಪರವಾಗಿ ತಗಡುಮನೆಗೆ ಹೋಗಿಬಂದೆ. ಹಿಂದಿನ ಕಣಿವೆಯಿಂದ ನಡೆದೇ ಹೋದೆ. ಈಗ ಏಳು ಗಂಟೆ ಹಿಡಿಯುತ್ತದೆ, ಮೊಣಕಾಲು ಮೊದಲಿನಂತಿಲ್ಲ. ಒಲೆಯ ಬೂದಿ ತೆಗೆದೆ. ಹೊಗೆಕೊಳವೆಯಲ್ಲಿ ಹಕ್ಕಿಯ ಗೂಡಿತ್ತು. ಹಾಸಿಗೆಗಳನ್ನು ಬಿಸಿಲಿಗೆ ಹಾಕಿದೆ. ಹಳೆಯ ಪುಸ್ತಕ ತುಂಬುತ್ತಾ ಬಂದಿತ್ತು, ಅದನ್ನು ಚೀಲಕ್ಕೆ ಹಾಕಿಕೊಂಡು ಹೊಸದನ್ನು ಇಟ್ಟೆ. ಮೊದಲ ಸಾಲು ವಾಡಿಕೆಯಂತೆ ನನ್ನದು: ‘ಹೊಸ ಪುಸ್ತಕ. ದಯವಿಟ್ಟು ಎಲ್ಲರೂ ಬರೆಯಿರಿ.’

ಹಳೆಯದು ಈಗ ನನ್ನ ಬಟ್ಟೆಯ ಬೀರುವಿನಲ್ಲಿದೆ. ಕ್ಲಬ್ಬಿನ ಕಪಾಟಿಗೆ ಇನ್ನೂ ಕೊಟ್ಟಿಲ್ಲ.

ಅದರ ಅಂಕಣಗಳು ನಿನಗೆ ಗೊತ್ತು. ಹೆಸರು, ಎಷ್ಟು ಜನ, ಎಲ್ಲಿಂದ, ಎಲ್ಲಿಗೆ, ಹೊರಟ ಹೊತ್ತು. ಕೊನೆಗೆ ಏನಾದರೂ ಹೇಳುವುದಿದ್ದರೆ ಒಂದಿಷ್ಟು ಜಾಗ.

ಒಂದೇ ಪ್ರಶ್ನೆ. ಎಷ್ಟು ಹೊತ್ತಿಗೆ ಹೊರಟಿರಿ?

ಅಮ್ಮ


ಆರ್ಡಿನ್ ಸರೋವರ
20 ಏಪ್ರಿಲ್ 1997

ಅಮ್ಮ,

ಎಂಟಕ್ಕೆ. ಎಷ್ಟು ಸಲ ಹೇಳಬೇಕು?

ಮೆರೆ ಪೊಲೀಸರಿಗೆ ಪುಸ್ತಕ ನೋಡಿ ಎಂದಳಂತೆ. ಹೋದ ವಾರ ಅವರು ತಗಡುಮನೆಗೆ ಹೋದರು. ಹೊಸ ಪುಸ್ತಕ ಸಿಕ್ಕಿತು, ಅದರಲ್ಲಿ ನಿನ್ನ ಅಕ್ಷರ. ಕಾನ್‌ಸ್ಟೆಬಲ್ ನಿನಗೆ ಫೋನ್ ಮಾಡಬಹುದು. ಕ್ಲಬ್ಬಿನ ಕಪಾಟಿನಲ್ಲಿ ನಲವತ್ತು ವರ್ಷಗಳ ಪುಸ್ತಕಗಳಿವೆ, ಅರ್ಧಕ್ಕೆ ಹೆಸರಿಲ್ಲ, ಒಂದಷ್ಟನ್ನು ಇಲಿ ತಿಂದಿದೆ ಎಂದು ನೀನೇ ಹೇಳುತ್ತಿದ್ದೆ. ಅದು ನೆನಪಾಯಿತು, ಅಷ್ಟೆ.

ಗ್ರಾಂಟ್ ಚಳಿಗಾಲಕ್ಕೆ ನನ್ನನ್ನು ಮೇಲ್ವಿಚಾರಕನನ್ನಾಗಿ ಮಾಡುತ್ತಾನಂತೆ. ಈಗ ತೊಟ್ಟಿ ಕ್ಯಾಪ್ಟನ್ ಎಂದು ಕರೆಯುವುದಿಲ್ಲ. ಹೆಸರು ಹಿಡಿದೇ ಕರೆಯುತ್ತಾನೆ.

ಫರ್ಗಸ್


ಟೀಟೀ ದ್ವೀಪ
2 ಮೇ 1997

ಮಿಸೆಸ್ ರಿಚಿ ಅವರಿಗೆ,

ನಾನು ಮೆರೆ ವೈತಿರಿ. ನೀವು ನನ್ನನ್ನು ನೋಡಿಲ್ಲ. ಟೀಟೀ ಕಡಲಹಕ್ಕಿ ಹಿಡಿಯುವ ಕಾಲವಾದ್ದರಿಂದ ಅಜ್ಜಿಯ ಜೊತೆ ದ್ವೀಪದಲ್ಲಿದ್ದೇನೆ. ನಿಮ್ಮ ಯಜಮಾನರು ನಮಗೆ ಹಿಟ್ಟು, ಸೀಮೆಎಣ್ಣೆ ತಂದುಕೊಟ್ಟರು. ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ತಗಡುಮನೆಯ ಹಳೆಯ ಪುಸ್ತಕ ನಿಮ್ಮ ಬಳಿ ಇರಬಹುದೆಂದು ಪೊಲೀಸರು ಹೇಳಿದರು. ನೀವು ಹುಡುಕಿ ನೋಡುತ್ತೇನೆ ಎಂದಿರಂತೆ. ಸಿಕ್ಕಿತೇ?

ನಾವು ಹೊರಟಾಗ ಫರ್ಗಸ್ ಅದರಲ್ಲಿ ಹೊತ್ತು ಬರೆದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವನು ಯಾವತ್ತೂ ಬರೆಯುತ್ತಿದ್ದ, ನಾವೆಲ್ಲ ನಗುತ್ತಿದ್ದೆವು. ಆ ದಿನ ಬೆಳಿಗ್ಗೆ ಎಂಟಕ್ಕೆ ನಾನು ಹೊರಡೋಣ ಎಂದೆ. ಗಾಳಿ ಬರಲಿ, ಇವರಿಗೆ ಅಲೆ ಬೇಕು ಎಂದ ಫರ್ಗಸ್. ಅವನೊಬ್ಬನೇ ಅಲ್ಲ, ನಾಲ್ವರೂ ಹಟ ಹಿಡಿದಿದ್ದರು. ಟೋಬಿಯೂ ಕೂಡ. ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ಅದು ನನ್ನ ತಪ್ಪು, ಅದನ್ನು ಒಪ್ಪುತ್ತೇನೆ. ಆದರೆ ಬಂಡೆಯ ಹತ್ತಿರ ನಾನು ನಿಲ್ಲಲಿಲ್ಲ. ಟೋಬಿಯ ಕೈ ಸುಮಾರು ಹೊತ್ತು ನನ್ನ ಕೈಯಲ್ಲಿತ್ತು.

ಅವನ ತಾಯಿ ನನಗೆ ಬರೆದಿದ್ದಾರೆ. ಬಂಡೆಯ ಹತ್ತಿರ ಯಾಕೆ ನಿಂತೆ ಎಂದು ಕೇಳಿದ್ದಾರೆ. ಏನು ಉತ್ತರ ಬರೆಯಲಿ?

ನಿಮ್ಮ ಮಗನ ಬಗ್ಗೆ ಕೇಳುತ್ತಿದ್ದೇನೆಂದು ಗೊತ್ತು. ಕ್ಷಮಿಸಿ.

ಗೌರವಪೂರ್ವಕ,
ಮೆರೆ


ರಿವರ್ಟನ್
11 ಮೇ 1997

ಫರ್ಗಸ್,

ಅಪ್ಪ ಆ ಹುಡುಗಿಯ ಪತ್ರ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟರು. ಬೂಟು ಕೂಡ ಬಿಚ್ಚಿರಲಿಲ್ಲ.

“ವೈತಿರಿ ಹುಡುಗಿ ಕೇಳಿದ್ಳು, ಪುಸ್ತಕ ಸಿಕ್ತಾ ಅಂತ. ಯಾವ ಪುಸ್ತಕ, ಐಲ್ಸಾ?”

“ಕ್ಲಬ್ಬಿಂದು.”

“ಕಳ್ದೋಗಿದ್ಯಾ?”

“ಇಲ್ಲ.”

ಅವರು ನನ್ನ ಮುಖ ನೋಡಿದರು. “ಹಾಗಾದ್ರೆ ಹುಡುಕೋದೇನಿದೆ?” ಎಂದವರು ಉತ್ತರಕ್ಕೆ ಕಾಯದೆ ಹೊರಗೆ ಹೋಗಿ ಬಲೆ ತೊಳೆಯುತ್ತಾ ಕುಳಿತರು. ಊಟಕ್ಕೆ ಕರೆದಾಗ ಬಂದರು. “ಹುಡುಗ ಬದುಕಿ ಬಂದ, ಸಾಕು ಬಿಡು” ಎಂದು ತಟ್ಟೆಗೆ ಹೇಳಿದರು, ನನಗಲ್ಲ. ಅಂದಿನಿಂದ ಆ ಮಾತು ಎತ್ತಿಲ್ಲ. ಆದರೆ ಮನೆಯಲ್ಲಿದ್ದಾಗ ಅವರು ಬೀರುವಿನ ಕಡೆ ಹೋಗುವುದಿಲ್ಲ. ಶರ್ಟು ಬೇಕಾದರೆ ನನ್ನನ್ನೇ ಕೇಳುತ್ತಾರೆ.

ಹೇಳಿಬಿಡುತ್ತೇನೆ. ಈಸ್ಟರ್ ದಿನ ತಗಡುಮನೆಯ ಮೆಟ್ಟಿಲ ಮೇಲೆ ಕುಳಿತು ಆ ಪುಟ ಓದಿದೆ. ಫೆಬ್ರವರಿ 15. ನಿನ್ನ ಅಕ್ಷರ. ಆರು ಜನ. ಹೊರಟ ಹೊತ್ತು 12.40. ಕೊನೆಯ ಜಾಗದಲ್ಲಿ ಬೇರೆ ಅಕ್ಷರ, ಚಿಕ್ಕ ಹುಡುಗನದರಂತೆ ದುಂಡಗೆ: ‘ಕೊನೆಗೂ ಅಲೆ. ಸ್ನಾನದ ತೊಟ್ಟಿಗೆ ವಿದಾಯ. ಟೋಬಿ ಡಿ.’

ಅವನು ಬರೆದ ಕೊನೆಯ ಮಾತು ನನ್ನ ಚಳಿಗಾಲದ ಕೋಟುಗಳ ಕೆಳಗಿದೆ. ಅವನ ತಾಯಿಗೆ ಹಾಗೊಂದು ಮಾತಿದೆ ಎಂದೇ ಗೊತ್ತಿಲ್ಲ.

ಕಾನ್‌ಸ್ಟೆಬಲ್ ಫೋನ್ ಮಾಡಿದ. ಮರ್ಯಾದಸ್ಥ. “ಆತುರ ಇಲ್ಲ ಮೇಡಂ, ನಿಧಾನವಾಗಿ ನೋಡಿ” ಎಂದ. “ಕಪಾಟಿನಲ್ಲಿ ತುಂಬಾ ಪುಸ್ತಕ ಇದೆ, ಹುಡುಕ್ತೀನಿ” ಎಂದೆ. ನೀನು ಹೇಳಿಕೊಟ್ಟ ಮಾತೇ ನನ್ನ ಬಾಯಲ್ಲಿ ಬಂತು. ಇಲಿಯ ಮಾತನ್ನೂ ಸೇರಿಸಿದೆ.

ನೀನಾಗಿ ಹೇಳಲಿ ಎಂದು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಅದು ತಾಯಿಯ ತಾಳ್ಮೆ ಎಂದು ನನ್ನನ್ನು ನಂಬಿಸಿಕೊಂಡಿದ್ದೆ. ಈಗ ಅನುಮಾನ ಬರುತ್ತಿದೆ. ನಿನ್ನನ್ನು ಪರೀಕ್ಷೆ ಮಾಡುತ್ತಿದ್ದೆನೋ, ಅಥವಾ ಕಾಯುವ ನೆಪದಲ್ಲಿ ನಿನ್ನನ್ನು ಬಚ್ಚಿಡುತ್ತಿದ್ದೆನೋ? ಆರು ವಾರ ಆ ಹುಡುಗಿ ನಮ್ಮಿಬ್ಬರ ನಡುವೆ ಬೆಲೆ ತೆತ್ತಿದ್ದಾಳೆ.

ಬರೆ.

ಅಮ್ಮ


ಆರ್ಡಿನ್ ಸರೋವರ
21 ಮೇ 1997

ಅಮ್ಮ,

ಆ ಬೆಳಿಗ್ಗೆ ಗಂಜಿ ತಳ ಹಿಡಿದಿತ್ತು. ಟೋಬಿ ಪಾತ್ರೆಯನ್ನು ತಲೆಯ ಮೇಲೆ ಮಗುಚಿಕೊಂಡು ಹೆಲ್ಮೆಟ್ಟು ಎಂದ. ಎರಡು ಸಲ ಬೂಟು ಹಾಕಿ ಎರಡು ಸಲ ಬಿಚ್ಚಿದೆವು. ಮರಳುನೊಣ ಕಚ್ಚುತ್ತಿದ್ದವು. ಮೆರೆ ನನ್ನ ಜೊತೆ ಮಾತು ಬಿಟ್ಟಿದ್ದಳು. ಹನ್ನೆರಡರ ಹೊತ್ತಿಗೆ ಬಾಗಿಲು ತಾನಾಗಿ ಬಡಿದುಕೊಂಡಿತು. ಟೋಬಿ, “ಬಂತು ನೋಡೋ, ಕ್ಯಾಪ್ಟನ್” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಖುಷಿಯಾಯಿತು ಅಮ್ಮ. ಅದನ್ನು ಯಾರಿಗೂ ಹೇಳಿಲ್ಲ.

ಗ್ರಾಂಟ್ ನನಗೆ ಮಧ್ಯಾಹ್ನ ಹೊರಡು ಎಂದಿರಲಿಲ್ಲ. ಅವನು ನಕ್ಕಿದ್ದ, ಅಷ್ಟೆ. ಹೇಳಿಕೆಯಲ್ಲಿ ಎಂಟು ಗಂಟೆ ಎಂದು ಬರೆದದ್ದು ಮಾತ್ರ ಅವನು.

ನೀರಿನ ನಡುವೆ ಒಂದು ಸಲ ತಿರುಗಿ ನೋಡಿದೆ. ಇಬ್ಬರೂ ಕಾಣುತ್ತಿದ್ದರು. ಇನ್ನೊಂದು ಸಲ ನೋಡಲಿಲ್ಲ. ನನ್ನ ಹತ್ತಿರ ಮೂವರಿದ್ದರು ಎಂದು ಈಗ ಹೇಳಿಕೊಳ್ಳುತ್ತೇನೆ. ಆಗ ಲೆಕ್ಕ ಹಾಕಿರಲಿಲ್ಲ.

ಇನ್ನೊಂದು ವಿಷಯ. ಮರುದಿನ ಸಾಮಾನು ತರಲು ಹೋದಾಗ ಪೊಲೀಸರು ದೋಣಿಯ ಹತ್ತಿರವೇ ನಿಂತಿದ್ದರು. ತಗಡುಮನೆಯಲ್ಲಿ ನಾನೊಬ್ಬನೇ ಅರ್ಧ ಗಂಟೆ ಇದ್ದೆ. ಒಲೆಯ ಬೂದಿಯಡಿ ಕೆಂಡ ಇನ್ನೂ ಇತ್ತು. ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಗ್ರಾಂಟ್ ಹೇಳಿಕಳಿಸಿದ್ದ, “ಆ ಪುಟ ನೋಡ್ಕೊಂಡ್ ಬಾ” ಅಂತ. ನೋಡಿದೆ. ಹರಿಯಲೂ ಇಲ್ಲ, ಸುಡಲೂ ಇಲ್ಲ, ಮುಚ್ಚಿ ಅಲ್ಲಿನ ಕಪಾಟಿನ ಮೇಲಿಟ್ಟೆ. ಬಂದು, ಪುಸ್ತಕ ಕಾಣಲಿಲ್ಲ ಎಂದು ಅವನಿಗೆ ಹೇಳಿದೆ.

ಈಸ್ಟರ್‌ಗೆ ಅಲ್ಲಿಗೆ ಯಾರು ಬರುತ್ತಾರೆಂದು ನನಗೆ ಗೊತ್ತಿತ್ತು. ನನಗೆ ಹೇಳಲಾಗದ್ದನ್ನು ನೀನು ಹೇಳುತ್ತೀಯ ಎಂದುಕೊಂಡೆ. ಬೆಟ್ಟ ಇಳಿದ ದಿನವೇ ಪೊಲೀಸರಿಗೆ ಕೊಡುತ್ತೀಯ ಎಂದುಕೊಂಡೆ. ಏಪ್ರಿಲ್ ಪೂರ್ತಿ ಪ್ರತಿ ಸಲ ಫೋನ್ ರಿಂಗಾದಾಗ ಇದೇ ಎಂದುಕೊಂಡೆ. ಬರೀ ನಿನ್ನ ಪತ್ರಗಳು ಬಂದವು, ಪ್ರಶ್ನೆ ತುಂಬಿಕೊಂಡು. ಇಲಿಯ ಮಾತು ಬರೆದದ್ದು, ನೀನು ನನ್ನನ್ನು ಬೈದು ನೇರ ಠಾಣೆಗೆ ಹೋಗಲಿ ಎಂದೋ, ಇಲಿಯ ಹೆಸರು ಹೇಳಿ ಉಳಿಸಲಿ ಎಂದೋ, ನನಗೇ ಗೊತ್ತಿಲ್ಲ.

ನೀನು ಸುಳ್ಳು ಹೇಳುವವಳಲ್ಲ ಅಂತ ನಂಬಿದ್ದೆ.

ಫರ್ಗಸ್


ರಿವರ್ಟನ್
27 ಮೇ 1997

ಪ್ರೀತಿಯ ಫರ್ಗಸ್,

ನಾನೂ ಹಾಗೇ ನಂಬಿದ್ದೆ, ನನ್ನ ಬಗ್ಗೆ. ನಿನ್ನ ಕೊನೆಯ ಸಾಲನ್ನು ಓದಿ ಸಿಟ್ಟು ಬಂತು. ಆಮೇಲೆ ಸಿಟ್ಟು ಯಾರ ಮೇಲೆ ಎಂದು ಹುಡುಕಿದೆ.

ಮೊದಲು ಮೆರೆಗೆ ಬರೆದೆ. ಪುಸ್ತಕ ಎಲ್ಲಿತ್ತು, ಎಷ್ಟು ದಿನ ಇತ್ತು, ಯಾಕೆ ಇತ್ತು, ಎಲ್ಲ ಬರೆದೆ. ಕ್ಷಮಿಸು ಎಂದು ಕೇಳಲಿಲ್ಲ. ಅವಳಿಗೆ ಇನ್ನೊಂದು ಕೆಲಸ ಹಚ್ಚಿದಂತಾಗುತ್ತದೆ. ಅಪ್ಪ ಪತ್ರ ತೆಗೆದುಕೊಂಡು ನಿನ್ನೆ ದ್ವೀಪಕ್ಕೆ ಹೋದರು. ಹೊರಡುವಾಗ ಬೀರು ತೆರೆದು ತಾವೇ ಒಂದು ದಪ್ಪ ಶರ್ಟು ತೆಗೆದುಕೊಂಡರು.

ಜೂನ್ ಮೂರು, ಮಂಗಳವಾರ, ನಾನು ಡನೀಡಿನ್‌ಗೆ ಹೋಗುತ್ತೇನೆ. ಠಾಣೆಯಲ್ಲಿ ಪುಸ್ತಕ ಕೊಡುತ್ತೇನೆ. ಅವರು ಕೇಳಿದ್ದನ್ನೂ ಹೇಳುತ್ತೇನೆ, ಕೇಳದ್ದನ್ನೂ ಹೇಳುತ್ತೇನೆ. ಇಲಿಯ ವಿಷಯ ಸೇರಿ. ಅಲ್ಲಿಂದ ಓಮರುವಿಗೆ ಹೋಗುವ ಧೈರ್ಯ ನನಗಿದೆಯೋ ಇಲ್ಲವೋ ಆ ದಿನ ತಿಳಿಯುತ್ತದೆ. ಟೋಬಿಯ ಆ ಸಾಲನ್ನು ಅವನ ತಾಯಿಗೆ ನಕಲು ಮಾಡಿ ಕೊಡಬಹುದೇ ಎಂದು ಪೊಲೀಸರನ್ನು ಕೇಳಬೇಕು.

ನಿನ್ನ ಗಂಜಿಯ ಪಾತ್ರೆಯ ಮಾತನ್ನು ಮೂರು ಸಲ ಓದಿದೆ. ಅದು ನಿಜವಾದ ಚೀಟಿ. ಅದನ್ನು ನಾನು ನಿನ್ನ ಪರವಾಗಿ ಒಯ್ಯುವುದಿಲ್ಲ. ಪುಸ್ತಕ ಹೇಳುವುದು ಹೊತ್ತನ್ನು ಮಾತ್ರ. ಉಳಿದದ್ದನ್ನು ಹೇಳಬಲ್ಲವನು ನೀನೊಬ್ಬನೇ. ಮೇಲ್ವಿಚಾರಕನ ಕೆಲಸ ಹೋಗುತ್ತದೆ. ಇನ್ನೂ ಏನೇನು ಹೋಗುತ್ತದೋ ನನಗೆ ಗೊತ್ತಿಲ್ಲ, ಹೋಗುವುದಿಲ್ಲ ಎಂದು ಸುಳ್ಳು ಹೇಳಲಾರೆ.

ನನ್ನ ಬಸ್ಸು, ನಿನ್ನ ಕಡೆಯಿಂದ ಬರುವ ಬಸ್ಸು, ಎರಡೂ ಮಿಲ್ಟನ್‌ನಲ್ಲಿ ನಿಲ್ಲುತ್ತವೆ, ಹನ್ನೊಂದೂಕಾಲಕ್ಕೆ. ಚಹಾದಂಗಡಿಯಲ್ಲಿ ಹತ್ತು ನಿಮಿಷ ಇರುತ್ತೇನೆ. ಚೀಸ್ ರೋಲ್ ಕಟ್ಟಿಕೊಂಡು ಬರುತ್ತೇನೆ, ನಾಲ್ಕು. ನೀನು ಬಾರದಿದ್ದರೂ ಬಸ್ಸು ಹತ್ತುತ್ತೇನೆ. ಇದು ಪರೀಕ್ಷೆಯಲ್ಲ.

ಪುಸ್ತಕವನ್ನು ಕಂದು ಕಾಗದದಲ್ಲಿ ಸುತ್ತಿದ್ದೇನೆ. ಒಳಗೆ ಏನೂ ಬರೆಯಬಾರದು, ಅದೀಗ ಸಾಕ್ಷಿ. ಆದರೆ ಬರೆಯದೆ ಹೊರಡುವ ಅಭ್ಯಾಸ ನನಗಿಲ್ಲ. ಹಾಗಾಗಿ ಹೊರಗಿನ ಕಾಗದದ ಮೇಲೆ ಗೆರೆ ಎಳೆದು ಬರೆದೆ. ಹೆಸರು: ಐಲ್ಸಾ ರಿಚಿ. ಎಲ್ಲಿಂದ: ತಗಡುಮನೆ. ಎಲ್ಲಿಗೆ: ಡನೀಡಿನ್, ಪೊಲೀಸ್ ಠಾಣೆ. ಹೊರಟ ಹೊತ್ತು: ಒಂಬತ್ತು ವಾರ ತಡವಾಗಿ.

‘ಎಷ್ಟು ಜನ’ ಎಂಬುದನ್ನು ಖಾಲಿ ಬಿಟ್ಟಿದ್ದೇನೆ. ಮಿಲ್ಟನ್‌ನಲ್ಲಿ ತುಂಬುತ್ತೇನೆ.

ಅಮ್ಮ